ಕೆಲಸ ಒಪ್ಪಿಸಬಹುದು, ಜವಾಬು ಒಪ್ಪಿಸಲಾಗದು

ಕಳೆದ ವರ್ಷ ಗುಡ್ಡಾಪುರದ ದಾನಮ್ಮದೇವಿ ಜಾತ್ರೆಗೆಂದು ಪುಣೆಯಿಂದ ಬಂದಿದ್ದ ನನ್ನ ತಂಗಿಯ ಮಗ, ಊಟ ಮುಗಿಸಿ ಕಟ್ಟೆಯ ಮೇಲೆ ಕುಂತಾಗ ಒಂದು ಮಾತು ತೆಗೆದ. "ಮಾಮಾ, ಕಂಪನಿ ಚಲೋ ನಡದೈತಿ. ಆದರ ಇನ್ನ ಸ್ಕೇಲ್ ಮಾಡೂದು ಹೆಂಗಂತ ತಿಳೀವಲ್ದಾಗೈತಿ."

ಗಡಿಯಾಚೆ ವಿಜಾಪುರ ಜಿಲ್ಲೆಯ ಶಾಲೆಯಲ್ಲಿ ಎಸ್‌ಎಸ್‌ಎಲ್‌ಸಿ ಮುಗಿಸಿದ ನನಗೆ ಸ್ಕೇಲ್ ಎಂದರೆ ಮಾಸ್ತರರ ಕೈಯೊಳಗಿನ ಕಟ್ಟಿಗೆಯ ಪಟ್ಟಿ. ಗೆರೆ ಹೊಡೆಯುವುದಕ್ಕಿಂತ ನಮ್ಮ ಬೆರಳ ಗೆಣ್ಣಿಗೆ ಹೊಡೆಯುವುದಕ್ಕೇ ಅದು ಹೆಚ್ಚು ಬಳಕೆಯಾದದ್ದು. "ಯಾರಿಗೆ ಹೊಡಿಯಾಂವ ಅದೀಯೋ?" ಎಂದೆ. ಅವನು ನಕ್ಕು ಬಿಡಿಸಿ ಹೇಳಿದ.

ಅವನೂ ಅವನ ನಾಲ್ವರು ಗೆಳೆಯರೂ ಕೂಡಿ ದ್ರಾಕ್ಷಿ, ದಾಳಿಂಬೆ ಬೆಳೆಗಾರರಿಗೆ ಫೋನಿನ ಮೇಲೆ ಸಲಹೆ ಕೊಡುವ ಸಣ್ಣ ಕಂಪನಿ ಮಾಡಿದ್ದಾರೆ. ಯಾವಾಗ ಔಷಧ ಹೊಡೆಯಬೇಕು, ಯಾವಾಗ ನೀರು ನಿಲ್ಲಿಸಬೇಕು, ಮೋಡ ಕವಿದರೆ ಏನು ಮಾಡಬೇಕು, ಇದು ಅವರ ವ್ಯವಹಾರ. ಮೊದಲು ಅರವತ್ತು ತೋಟ ಇದ್ದವು. ಪ್ರತಿ ಫೋನನ್ನೂ ಇವನೇ ಎತ್ತುತ್ತಿದ್ದ. ಈಗ ಆರುನೂರು ತೋಟ. ದಿನಕ್ಕೆ ಇರುವುದು ಮಾತ್ರ ಅದೇ ಇಪ್ಪತ್ತನಾಲ್ಕು ತಾಸು. ಆರು ಸಾವಿರಕ್ಕೆ ಹೋಗಬೇಕೆಂದು ಹಣ ಹಾಕಿದವರು ಬೆನ್ನು ಹತ್ತಿದ್ದಾರೆ. ಬಲ್ಲವರು ಅವನಿಗೆ ಮೂರು ದಾರಿ ಹೇಳಿದ್ದಾರಂತೆ. ಒಂದು, ನಿನ್ನ ಕೆಲಸವನ್ನು ಬೇರೆಯವರಿಗೆ ಒಪ್ಪಿಸು. ಎರಡು, ಎಐ ಸಹಾಯಕನನ್ನು ಇಟ್ಟುಕೋ. ಮೂರು, ಜನರನ್ನು ನೇಮಿಸು. "ಯಾವುದು ಮೊದಲು, ಯಾವುದು ಆಮ್ಯಾಲ? ನೀ ಏನಂತಿ ಮಾಮಾ?"

ನಗರದ ಕಂಪನಿಗಳ ವಿಷಯದಲ್ಲಿ ಜತ್ತ ತಾಲ್ಲೂಕಿನ ಒಬ್ಬ ರೈತ ಬಾಯಿ ಹಾಕಬೇಕೆ ಎಂದು ಓದುಗರು ಕೇಳಬಹುದು. ಹಾಕಬೇಕು ಎಂಬುದೇ ನನ್ನ ವಾದ. ಸಾಲ ತಂದು ಬೋರು ಕೊರೆಸಿ, ಆಳು ಹಚ್ಚಿ, ಮಳೆಯನ್ನೂ ಪೇಟೆಯನ್ನೂ ನಂಬಿ ನಾಲ್ಕು ಎಕರೆ ದ್ರಾಕ್ಷಿ ನಿಲ್ಲಿಸಿದವನು ಉದ್ಯಮಿ ಅಲ್ಲದೆ ಮತ್ತೇನು? ಅದಕ್ಕಿಂತ ದೊಡ್ಡ ಕಾರಣ ಇನ್ನೊಂದಿದೆ. ಈ ಕಂಪನಿಗಳು ಯಾವ ರೀತಿ ಹಬ್ಬುತ್ತವೆ ಎಂಬುದರ ಮೇಲೆ ನಮ್ಮ ಹುಡುಗರ ಅನ್ನದ ದಾರಿ ತೆರೆಯುತ್ತದೆ, ಇಲ್ಲವೆ ಮುಚ್ಚುತ್ತದೆ.

ಕೆಂಪು ಬಟ್ಟೆಯ ಪಂಪು

ಕೆಲಸ ಒಪ್ಪಿಸುವುದೆಂದರೆ ಏನೆಂದು ನಾನು ಕಲಿತದ್ದು ನಷ್ಟ ಉಂಡು. ಹದಿನೈದು ವರ್ಷದ ಹಿಂದಿನ ಮಾತು. ಸೊಲ್ಲಾಪುರದಲ್ಲಿ ತೆಲುಗು ಕವಿಗೋಷ್ಠಿ ಇತ್ತು. ನಮ್ಮ ಅವ್ವ ಅಲ್ಲಿಯ ತೆಲುಗು ನೇಕಾರರ ಮನೆಯವಳು. ಅವಳಿಂದ ಬಂದ ಭಾಷೆಯಲ್ಲಿ ನಾಲ್ಕು ಸಾಲು ಓದಬೇಕೆಂಬ ಆಸೆ. ಅವತ್ತೇ ದ್ರಾಕ್ಷಿಗೆ ಔಷಧ ಹೊಡೆಯಬೇಕಿತ್ತು. ಕೆಲಸದ ಹುಡುಗನ ಕೈಗೆ ಬಾಟಲಿ ಕೊಟ್ಟು, ಅಳತೆ ಹೇಳಿ, "ತಮ್ಮಾ, ಸಂಜಿಮಟ ಮುಗಸು" ಎಂದು ಬಸ್ಸು ಹತ್ತಿದೆ.

ಹುಡುಗ ಶಾಣ್ಯಾ. ಅಳತೆ ತಪ್ಪಲಿಲ್ಲ, ಒಂದು ಬಳ್ಳಿ ಬಿಡಲಿಲ್ಲ. ಆದರೆ ಅವನು ಹೆಗಲಿಗೇರಿಸಿದ ಪಂಪಿನಿಂದಲೇ ಹಿಂದಿನ ವಾರ ನಾನು ಜೋಳದೊಳಗಿನ ಕಸಕ್ಕೆ ಟು-ಫೋರ್-ಡಿ ಹೊಡೆದಿದ್ದೆ. ದ್ರಾಕ್ಷಿಗೆ ಆ ಕಳೆನಾಶಕ ವಿಷವಿದ್ದಂತೆ. ಪಂಪಿನ ತಳದಲ್ಲಿ ಉಳಿದದ್ದೇ ಸಾಕಾಯಿತು. ಮೊದಲ ಟಾಕಿ ಬಿದ್ದ ಎರಡು ಸಾಲು ಬಳ್ಳಿಯ ಎಲೆ ಬೀಸಣಿಕೆಯಂತೆ ಮುದುಡಿದವು. ಆ ವರ್ಷ ಅಲ್ಲಿ ಗೊನೆ ನಿಲ್ಲಲಿಲ್ಲ.

ಮನೆಯವರೆಲ್ಲ ಹುಡುಗನನ್ನು ಬೈದರು. ತಪ್ಪು ಯಾರದು? ಪಂಪಿನ ವಿಷಯ ಗೊತ್ತಿದ್ದದ್ದು ನನ್ನೊಬ್ಬನಿಗೆ. ಕೆಲಸ ಅವನಿಗೆ ಕೊಟ್ಟೆ, ಕೆಲಸದ ಜತೆಗಿದ್ದ ತಿಳಿವಳಿಕೆಯನ್ನು ನನ್ನ ಜತೆಗೇ ಬಸ್ಸಿನಲ್ಲಿ ಒಯ್ದೆ. ಅಂದಿನಿಂದ ನಮ್ಮಲ್ಲಿ ಕಳೆನಾಶಕದ ಪಂಪು ಬೇರೆ. ಅದರ ಹಿಡಿಕೆಗೆ ಕೆಂಪು ಬಟ್ಟೆ ಕಟ್ಟಿದೆ. ಓದು ಬಾರದವನಿಗೂ ತಿಳಿಯಬೇಕು.

ಕಂಪನಿ ಕಟ್ಟುವವರ ಮೊದಲ ತೊಡಕೂ ಇದೇ. ಊರ ಕೆರೆಯ ನೀರೆಲ್ಲ ಒಂದೇ ತೂಬಿನಿಂದ ಹರಿಯಬೇಕಾದರೆ ಕೆರೆ ಎಷ್ಟು ತುಂಬಿದರೇನು? ಎಲ್ಲ ನಿರ್ಧಾರವೂ ಸಂಸ್ಥಾಪಕನೊಬ್ಬನ ಮೂಲಕ ಹೋಗಬೇಕಾದರೆ ಆ ಕಂಪನಿ ಅವನ ನಿದ್ದೆಯಷ್ಟೇ ದೊಡ್ಡದಾದೀತು. ಆದ್ದರಿಂದ ಒಪ್ಪಿಸಲೇಬೇಕು. ಆದರೆ ಒಪ್ಪಿಸುವ ಮುನ್ನ ತಲೆಯೊಳಗಿನದನ್ನು ಕಾಗದದ ಮೇಲೆ ಇಳಿಸಬೇಕು. ಇಷ್ಟು ಹಣದ ತನಕ ನೀನೇ ನಿರ್ಧರಿಸು, ಅದರ ಮೇಲೆ ನನ್ನನ್ನು ಕೇಳು. ಇಂಥ ರೋಗ ಕಂಡರೆ ನೀನೇ ಹೇಳು, ಇಂಥದು ಕಂಡರೆ ತಡಮಾಡದೆ ಫೋನ್ ಹಚ್ಚು. ಹೀಗೆ ಗೆರೆ ಎಳೆದು ಕೊಟ್ಟರೆ ಅದು ಒಪ್ಪಿಸುವುದು. ಇಲ್ಲದಿದ್ದರೆ ಅದು ಕೆಲಸ ಎಸೆದು ಹೋಗುವುದು.

ಕಿರ್ಲೋಸ್ಕರವಾಡಿಯ ಪಾಠ

ಇದಕ್ಕೆ ಅಮೆರಿಕದ ಉದಾಹರಣೆ ಬೇಕಿಲ್ಲ. ನಮ್ಮ ಸಾಂಗಲಿ ಜಿಲ್ಲೆಯಲ್ಲೇ, ಪಲೂಸ ತಾಲ್ಲೂಕಿನಲ್ಲಿ, ಮಿರಜ-ಪುಣೆ ರೈಲು ಹಳಿಯ ಬದಿಗೆ ಕಿರ್ಲೋಸ್ಕರವಾಡಿ ಇದೆ. ಅದನ್ನು ಕಟ್ಟಿದ ಲಕ್ಷ್ಮಣರಾವ್ ಕಿರ್ಲೋಸ್ಕರರು 1869ರಲ್ಲಿ ಹುಟ್ಟಿದ್ದು ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ. ಬೆಳಗಾವಿಯಲ್ಲಿ ಸೈಕಲ್ ಅಂಗಡಿ ಇಟ್ಟು, ಮೇವು ಕತ್ತರಿಸುವ ಯಂತ್ರ ಮಾಡಿ, ಆಮೇಲೆ ಕಬ್ಬಿಣದ ನೇಗಿಲಿಗೆ ಕೈ ಹಾಕಿದರು. ಕಬ್ಬಿಣ ತಾಗಿದರೆ ಭೂಮಿಗೆ ವಿಷವಾಗುತ್ತದೆಂದು ರೈತರು ಹೆದರುತ್ತಿದ್ದ ಕಾಲ ಅದು. ಮೊದಲ ನೇಗಿಲುಗಳು ಮಾರಾಟವಾಗಲು ಎರಡು ವರ್ಷ ಹಿಡಿಯಿತೆಂದು ಹೇಳುತ್ತಾರೆ. ಬೆಳಗಾವಿಯ ಜಾಗ ಬಿಡಬೇಕಾಗಿ ಬಂದಾಗ ಔಂಧ ಸಂಸ್ಥಾನದ ರಾಜರು ಬಂಜರು ಭೂಮಿಯನ್ನೂ ಹತ್ತು ಸಾವಿರ ರೂಪಾಯಿ ಸಾಲವನ್ನೂ ಕೊಟ್ಟರು. 1910ರಲ್ಲಿ ಪಾಪಾಸುಕಳ್ಳಿ ಕಡಿದು ಊರು ಕಟ್ಟಿದರು.

ಅವರು ಯಾರನ್ನು ಕೂಡಿಸಿಕೊಂಡರು ನೋಡಿ. ಊರಿನ ಆಡಳಿತ ಅಣ್ಣ ರಾಮುಅಣ್ಣನಿಗೆ, ಲೆಕ್ಕಪತ್ರ ಮಂಗೇಶರಾವ್ ರೇಗೆಯವರಿಗೆ. ಶಾಲೆ ಬಿಟ್ಟಿದ್ದ ಅನಂತರಾವ್ ಫಳನೀಕರ ಎಂಬ ಹುಡುಗನ ಕೈಚಳಕ ಗುರುತಿಸಿ ಯಂತ್ರದ ಕೆಲಸ ಕೊಟ್ಟರು. ರಾತ್ರಿ ಕಾವಲಿಗೆ ಇಟ್ಟದ್ದು ದರೋಡೆಗಾಗಿ ಶಿಕ್ಷೆ ಉಂಡು ಬಂದ ಇಬ್ಬರನ್ನು! ಕಾರಖಾನೆಯ ಕೀಲಿಯನ್ನೇ ಅವರ ಭರವಸೆಗೆ ಬಿಟ್ಟದ್ದು ಸಣ್ಣ ಮಾತೆ? ಕಾಗದದ ಸರ್ಟಿಫಿಕೇಟು ನೋಡಿ ನೇಮಿಸಿದ್ದರೆ ಇವರಲ್ಲಿ ಹಲವರು ಬಾಗಿಲೊಳಗೆ ಕಾಲಿಡುತ್ತಿರಲಿಲ್ಲ. ಲಕ್ಷ್ಮಣರಾಯರು ಎಲ್ಲ ಕೆಲಸ ಒಪ್ಪಿಸಿದರು, ಆದರೆ ನೇಗಿಲು ಮುರಿದರೆ ರೈತ ಹುಡುಕಿಕೊಂಡು ಬರುತ್ತಿದ್ದದ್ದು ಅವರ ಹೆಸರನ್ನೇ. ಆ ಹೆಸರು ನೇಗಿಲಿನ ಮೇಲೇ ಇತ್ತು.

ವಿಚಿತ್ರವೆಂದರೆ ಅದೇ ಹತ್ತು ಸಾವಿರ ರೂಪಾಯಿಯಿಂದ ಇನ್ನೊಂದು ಕಂಪನಿಯೂ ಶುರುವಾಯಿತು. 1981ರಲ್ಲಿ ಪುಣೆಯಲ್ಲಿ ಏಳು ಜನ ಕೂಡಿ ಇನ್ಫೋಸಿಸ್ ಆರಂಭಿಸಿದರು. ಮೂಲಧನ, ಶಿಗ್ಗಾವಿಯಲ್ಲಿ ಹುಟ್ಟಿದ ಸುಧಾ ಮೂರ್ತಿಯವರು ಗಂಡನಿಗೆ ಕೊಟ್ಟ ಉಳಿತಾಯದ ಹಣ. 1983ರಲ್ಲಿ ಬೆಂಗಳೂರಿಗೆ ಹೋಯಿತು. ನಾರಾಯಣಮೂರ್ತಿಯವರು 2002ರಲ್ಲಿ ಮುಖ್ಯಾಧಿಕಾರಿಯ ಕುರ್ಚಿಯನ್ನು ನಂದನ್ ನಿಲೇಕಣಿಯವರಿಗೆ ಬಿಟ್ಟರು. 2013ರಲ್ಲಿ ಮತ್ತೆ ಕರೆಸಿಕೊಳ್ಳಬೇಕಾಯಿತು. 2014ರಲ್ಲಿ ಮೊದಲ ಬಾರಿಗೆ ಸಂಸ್ಥಾಪಕರಲ್ಲದ ವಿಶಾಲ್ ಸಿಕ್ಕಾ ಬಂದರು, 2017ರಲ್ಲಿ ಅವರು ಬಿಟ್ಟರು, ಆಗ ನಿಲೇಕಣಿ ಅಧ್ಯಕ್ಷರಾಗಿ ಮರಳಿದರು. ಅಷ್ಟು ದೊಡ್ಡವರಿಗೂ ಕುರ್ಚಿ ಬಿಡುವುದು ಒಂದೇ ದಿನದ ಕೆಲಸವಾಗಲಿಲ್ಲ. ಹಿರಿಮಗನಿಗೆ ಹೊಲ ಕೊಟ್ಟೂ ನಸುಕಿನಲ್ಲಿ ಬದುವಿನ ಮೇಲೆ ಅಡ್ಡಾಡುವ ಮುದುಕರು ನಮ್ಮೂರಲ್ಲೂ ಇದ್ದಾರೆ.

ಯಂತ್ರದ ಸಹಾಯಕ

ಇನ್ನು ಎಐ. 2022ರ ಕೊನೆಗೆ ಚಾಟ್‌ಜಿಪಿಟಿ ಬಂದ ಮೇಲೆ ಇದು ಎಲ್ಲರ ಬಾಯಿಗೂ ಬಂತು. ಇದು ಕೈಕಾಲಿರುವ ರೋಬೋಟಲ್ಲ. ರಾಶಿ ರಾಶಿ ಬರಹವನ್ನು ಓದಿಸಿ, ಒಂದು ಮಾತಿನ ಹಿಂದೆ ಯಾವ ಮಾತು ಬರಬಹುದೆಂದು ಅಂದಾಜು ಮಾಡಲು ಕಲಿಸಿದ ಗಣಕದ ಏರ್ಪಾಟು. ಬಂದ ಪತ್ರಗಳನ್ನು ವಿಂಗಡಿಸುತ್ತದೆ, ಉತ್ತರದ ಕರಡು ಬರೆಯುತ್ತದೆ, ಸಭೆಯ ವರದಿ ಮಾಡುತ್ತದೆ, ಸಾಫ್ಟ್‌ವೇರೂ ಬರೆಯುತ್ತದೆ. ಮೊದಲು ನಾಲ್ವರು ಮಾಡುತ್ತಿದ್ದ ಕರಡು ಕೆಲಸವನ್ನು ಈಗ ಒಬ್ಬನೇ ಸಂಜೆಯೊಳಗೆ ಮುಗಿಸುತ್ತಾನೆ. ಸಣ್ಣ ಬಂಡವಾಳದವನಿಗೆ ಇದು ದೊಡ್ಡ ಆಸರೆ. ಇದನ್ನು ಅಲ್ಲಗಳೆಯುವುದು, ಟ್ರ್ಯಾಕ್ಟರು ಬಂದಾಗ ಎತ್ತಿನ ಕಾಲು ಹಿಡಿದು ಅತ್ತಂತೆ.

ಆದರೆ ಅದಕ್ಕೊಂದು ದುರ್ಗುಣವಿದೆ. ಗೊತ್ತಿಲ್ಲದ್ದನ್ನೂ ಗೊತ್ತಿದ್ದವರ ಧಾಟಿಯಲ್ಲೇ ಹೇಳುತ್ತದೆ. ಒಂದು ಮಳೆಗಾಲ ನಮ್ಮ ದಾಳಿಂಬೆಗೆ ತೇಲ್ಯಾ ಬಿತ್ತು. ಎಣ್ಣೆ ಹನಿಸಿದಂಥ ಚುಕ್ಕಿ ಮೂಡಿ ಕಾಯಿ ಸೀಳುವ ಈ ದುಂಡಾಣು ರೋಗಕ್ಕೆ ನಾವು ಮರಾಠಿಯ ಆ ಹೆಸರನ್ನೇ ಬಳಸುತ್ತೇವೆ. ಔಷಧ ಕಂಪನಿಯೊಂದರ ಫೋನು ಸಹಾಯಕನಿಗೆ, "ದಾಳಿಂಬ್ರಿಗೆ ತೇಲ್ಯಾ ಬಂದೈತಿ, ಏನ ಮಾಡ್ಲಿ?" ಎಂದು ಕೇಳಿದೆ. ದಾಳಿಂಬೆ ಬೀಜದ ಎಣ್ಣೆಯ ಉಪಯೋಗಗಳನ್ನು ಅದು ಅಚ್ಚ ಗ್ರಾಂಥಿಕ ಕನ್ನಡದಲ್ಲಿ ವಿವರಿಸಿತು! ಮನುಷ್ಯರ ಹತ್ತಿರ ಮಾತಾಡಿಸು ಎಂದೆ. "ನಮ್ಮ ಪ್ರತಿನಿಧಿ ತಮ್ಮನ್ನು ಸಂಪರ್ಕಿಸುವರು" ಎಂದಿತು. ನಾಲ್ಕು ದಿನ ಯಾರೂ ಸಂಪರ್ಕಿಸಲಿಲ್ಲ. ಮಳೆಹನಿಯ ಸಿಡಿತದಿಂದಲೇ ಗಿಡದಿಂದ ಗಿಡಕ್ಕೆ ಹಾರುವ ರೋಗಕ್ಕೆ ನಾಲ್ಕು ದಿನ ಎಂದರೆ ಎಷ್ಟೆಂದು ಬೆಳೆಗಾರರಿಗೆ ಗೊತ್ತು. ಕೊನೆಗೆ ಪಕ್ಕದ ತೋಟದವರ ಮಾತು ಕೇಳಿ ರೋಗದ ಟೊಂಗೆ ಕತ್ತರಿಸಿ ಸುಟ್ಟು, ಬೋರ್ಡೋ ದ್ರಾವಣ ಹೊಡೆದೆ. ಅರ್ಧ ತೋಟ ಉಳಿಯಿತು.

ನಗರದ ಕಂಪನಿಗಳ ಅನುಭವವೂ ಒಂದೇ ಥರ ಇಲ್ಲ. 2023ರ ಜುಲೈಯಲ್ಲಿ ಬೆಂಗಳೂರಿನ ದುಕಾನ್ ಎಂಬ ಸ್ಟಾರ್ಟಪ್ಪಿನ ಸಂಸ್ಥಾಪಕ ಸುಮಿತ್ ಶಾ, ಗಿರಾಕಿಗಳಿಗೆ ಉತ್ತರ ಹೇಳುವ ತಂಡದ ನೂರಕ್ಕೆ 90 ಜನರನ್ನು ತೆಗೆದು ಆ ಜಾಗದಲ್ಲಿ ಚಾಟ್‌ಬಾಟ್ ಇಟ್ಟೆನೆಂದು ತಾವೇ ಸಾರಿದರು. ತಾಸುಗಟ್ಟಲೆ ಹಿಡಿಯುತ್ತಿದ್ದ ಪರಿಹಾರ ನಿಮಿಷಗಳಿಗೆ ಇಳಿಯಿತೆಂಬುದು ಅವರ ಲೆಕ್ಕ. ಸ್ವೀಡನ್ನಿನ ಕ್ಲಾರ್ನಾ ಕಂಪನಿ 2024ರಲ್ಲಿ ತನ್ನ ಎಐ ಸಹಾಯಕ 700 ಜನರ ಕೆಲಸ ಮಾಡುತ್ತಿದೆಯೆಂದು ಹೇಳಿಕೊಂಡಿತು. ಮರುವರ್ಷ, ಅಂದರೆ 2025ರಲ್ಲಿ, ಗುಣಮಟ್ಟ ಕೆಟ್ಟಿತೆಂದು ಅದರ ಮುಖ್ಯಸ್ಥರೇ ಒಪ್ಪಿಕೊಂಡು ಮತ್ತೆ ಮನುಷ್ಯರನ್ನು ನೇಮಿಸತೊಡಗಿದರು. ಇನ್ನೊಂದು ಕಡೆ ಶಿವಮೊಗ್ಗದಲ್ಲಿ ಹುಟ್ಟಿದ ನಿತಿನ್ ಕಾಮತರ ಝೆರೋಧಾ ಇದೆ. 2010ರಲ್ಲಿ ಆರಂಭವಾದ ಈ ಬೆಂಗಳೂರಿನ ಕಂಪನಿ ಹೊರಗಿನ ಬಂಡವಾಳ ತೆಗೆದುಕೊಳ್ಳದೆ, ಕಡಿಮೆ ಜನರಲ್ಲೇ ಬೆಳೆದದ್ದು. ಹೊಸ ತಂತ್ರಜ್ಞಾನ ಬಂದು ಒಂದು ಕೆಲಸ ಬೇಡವಾಯಿತೆಂಬ ಕಾರಣಕ್ಕೆ ಯಾರನ್ನೂ ಮನೆಗೆ ಕಳಿಸುವುದಿಲ್ಲವೆಂದು 2023ರಲ್ಲಿ ಅದು ನೀತಿ ಪ್ರಕಟಿಸಿತು. ಅಂದರೆ ಯಂತ್ರವೂ ಇರಲಿ, ಮನುಷ್ಯನೂ ಇರಲಿ ಎಂಬ ದಾರಿ ಇದ್ದೇ ಇದೆ. ಹಣ ಹಾಕಿದವರು ಬೆನ್ನು ಹತ್ತದಿದ್ದರೆ ಆ ದಾರಿ ಹಿಡಿಯುವುದು ಸುಲಭವೇನೋ.

ಕಬ್ಬಿನ ಟೋಳಿಯಿಂದ ಕಲಿಯಬೇಕಾದದ್ದು

ಕೆಲಸವನ್ನು ಕೈಯಿಂದ ಕೈಗೆ ದಾಟಿಸುತ್ತ ಹೋದರೆ ಕೊನೆಗೆ ಏನಾಗುತ್ತದೆ? ಇದನ್ನು ನಮ್ಮ ಸೀಮೆಯ ಬಡವರಷ್ಟು ಚೆನ್ನಾಗಿ ಬಲ್ಲವರಿಲ್ಲ. ಮಳೆ ಕೈಕೊಟ್ಟ ವರ್ಷ ನಮ್ಮ ಕಡೆಯ ಜನ ಕಬ್ಬು ಕಡಿಯಲು ಹೋಗುತ್ತಾರೆ. ಸಕ್ಕರೆ ಕಾರಖಾನೆ ಸಾಗಣೆಯವನಿಗೆ ಹೇಳುತ್ತದೆ, ಅವನು ಮುಕಾದಮನಿಗೆ, ಮುಕಾದಮ ಉಚಲು ಹಣ ಕೊಟ್ಟು ಟೋಳಿ ಕಟ್ಟುತ್ತಾನೆ. ಗಂಡ ಹೆಂಡತಿ ಇಬ್ಬರೂ ಸೇರಿ ಲೆಕ್ಕದಲ್ಲಿ ಒಂದು "ಕೊಯ್ತಾ". ಕಾರಖಾನೆ ಸಾವಿರಾರು ಎಕರೆಗೆ ಹಬ್ಬಿತು, ನಿಜ. ಆದರೆ ಒಬ್ಬ ಹೆಣ್ಣುಮಗಳ ಕಾಲಿಗೆ ಕುಡುಗೋಲು ಬಡಿದರೆ ಕಾರಖಾನೆ ಮುಕಾದಮನನ್ನು ಕೇಳು ಅನ್ನುತ್ತದೆ, ಮುಕಾದಮ ನಸೀಬವನ್ನು ಕೇಳು ಅನ್ನುತ್ತಾನೆ. ಅವಳ ಹೆಸರು ಯಾವ ಹಾಜರಿಯಲ್ಲೂ ಇಲ್ಲ.

ಈಗಿನ ಆ್ಯಪ್ ಕಂಪನಿಗಳಲ್ಲಿ ಮುಕಾದಮನ ಜಾಗಕ್ಕೆ ಗಣಕ ಬಂದಿದೆ, ಅಷ್ಟೇ ವ್ಯತ್ಯಾಸ. ಬೆಂಗಳೂರಿನಲ್ಲಿ ಊಟ ತಲುಪಿಸುವ ಹುಡುಗನ ಖಾತೆ ಒಂದು ಮುಂಜಾನೆ ಬಂದ್ ಆದರೆ ಯಾಕೆಂದು ಕೇಳಲು ಎದುರಿಗೆ ಮುಖವೇ ಇರಲಿಲ್ಲ. ಇದನ್ನು ಕಂಡೇ ಕರ್ನಾಟಕ ಸರ್ಕಾರ 2025ರಲ್ಲಿ ಗಿಗ್ ಕಾರ್ಮಿಕರ ಕಾಯ್ದೆ ತಂದಿತು. ಪ್ರತಿ ವ್ಯವಹಾರದ ಮೇಲೆ ಕಲ್ಯಾಣ ಶುಲ್ಕ, ಲಿಖಿತ ಕಾರಣ ಮತ್ತು 14 ದಿನಗಳ ನೋಟೀಸಿಲ್ಲದೆ ತೆಗೆಯಬಾರದು, ಗಣಕ ಹೇಗೆ ನಿರ್ಧರಿಸುತ್ತದೆಂದು ತಿಳಿಸಬೇಕು, ಇವು ಅದರಲ್ಲಿವೆ. ಗಡಿಯ ಈಚೆಗಿರುವ ನಮಗೆ ಅದು ಅನ್ವಯಿಸದು. ಆದರೆ ಬೆಂಗಳೂರಿಗೆ ಹೋಗಿ ದುಡಿಯುವ ಜತ್ತದ ಹುಡುಗನಿಗೆ ಅನ್ವಯಿಸುತ್ತದೆ.

ಎರಡು ಭಾಷೆಯಲ್ಲಿ ಬರೆಯುವ ನಾನು ಆಗಾಗ ಒಂದು ಮಾತನ್ನು ಎರಡೂ ಕಡೆಯಿಂದ ತಿರುವಿ ನೋಡುತ್ತೇನೆ. ಕನ್ನಡದಲ್ಲಿ ಜವಾಬ್ದಾರಿ ಎನ್ನುತ್ತೇವೆ. ಅದರ ಹೊಟ್ಟೆಯೊಳಗೆ ಜವಾಬು ಇದೆ. ಕೇಳಿದಾಗ ಉತ್ತರ ಕೊಡುವವನೇ ಜವಾಬ್ದಾರ. ತೆಲುಗಿನಲ್ಲಿ ಅದಕ್ಕೇ ಬಾಧ್ಯತ ಎನ್ನುತ್ತಾರೆ. ಅದರೊಳಗೆ ಬಾಧೆ ಇದೆ. ಕೆಟ್ಟಾಗ ಯಾರಿಗೆ ನೋವು ತಟ್ಟುತ್ತದೋ ಅವನದೇ ಬಾಧ್ಯತೆ. ಎಐ ಉತ್ತರ ಕೊಟ್ಟೀತು, ಆದರೆ ನನ್ನ ಅರ್ಧ ತೋಟ ಹೋದಾಗ ಅದಕ್ಕೆ ಬಾಧೆ ತಟ್ಟಲಿಲ್ಲ. ಅದಕ್ಕೇ ನನ್ನ ಹೇಳಿಕೆ ಇಷ್ಟು: ಕೆಲಸವನ್ನು ಆಳಿಗೂ ಒಪ್ಪಿಸಿ, ಯಂತ್ರಕ್ಕೂ ಒಪ್ಪಿಸಿ. ಜವಾಬನ್ನು ಮಾತ್ರ ಯಾರಿಗೂ ಒಪ್ಪಿಸಬೇಡಿ. ಅದು ಕಂಪನಿ ಕಟ್ಟಿದವನ ತಲೆಯ ಮೇಲೇ ಇರಬೇಕು.

ಮೊದಲ ಮೆಟ್ಟಿಲು

ಕೊನೆಯದಾಗಿ ನೇಮಕಾತಿ. ಉಮದಿ, ಸಂಖ, ಮಾಡಗ್ಯಾಳ ಕಡೆಯ ಹುಡುಗ ಮನೆಯಲ್ಲಿ ಕನ್ನಡ ಆಡುತ್ತಾನೆ, ಕಚೇರಿಯಲ್ಲಿ ಮರಾಠಿ, ಸಿನಿಮಾದಿಂದ ಹಿಂದಿ. ಸೊಲ್ಲಾಪುರದ ನಂಟಿದ್ದರೆ ತೆಲುಗೂ ಬಂದೀತು. ಪುಣೆಗೆ ಹೋದವನಿಗೆ ಸಿಗುತ್ತಿದ್ದ ಮೊದಲ ಕೆಲಸ ಫೋನು ಎತ್ತಿ ಗಿರಾಕಿಗೆ ಉತ್ತರ ಹೇಳುವುದು. ಪಗಾರ ಸಣ್ಣದು, ಆದರೆ ಅದು ಮೊದಲ ಮೆಟ್ಟಿಲು. ಅಲ್ಲಿಂದಲೇ ಎಷ್ಟೋ ಜನ ಮೇಲೆ ಹತ್ತಿದರು. ಈಗ ಯಂತ್ರ ಮೊದಲು ನುಂಗುತ್ತಿರುವುದು ಇದೇ ಮೆಟ್ಟಿಲನ್ನು. ಮೇಲಿನ ಮೆಟ್ಟಿಲು ಹಾಗೇ ಇದೆಯಲ್ಲ ಎಂದರೆ, ಅಲ್ಲಿಗೆ ಹತ್ತುವುದು ಹೇಗೆ?

ಇದನ್ನು ನಾನು ಕನಿಕರ ಬೇಡಿ ಹೇಳುತ್ತಿಲ್ಲ, ವ್ಯವಹಾರದ ಮಾತನ್ನೇ ಹೇಳುತ್ತಿದ್ದೇನೆ. ಯಂತ್ರ ಕಲಿಯುವುದು ಬರೆದಿಟ್ಟ ಮಾತಿನಿಂದ. ನಮ್ಮ ಗಡಿ ಸೀಮೆಯ ಕನ್ನಡ ಎಲ್ಲಿ ಬರೆದಿಟ್ಟಿದೆ? ತೇಲ್ಯಾ, ದಾವಣಿ, ಚಾಟ್ನಿ ಎಂಬ ನಮ್ಮ ತೋಟದ ಮಾತು ಇರುವುದು ನಮ್ಮ ನಾಲಗೆಯ ಮೇಲೆ ಮಾತ್ರ. ಅದನ್ನು ತಿದ್ದಿ ಕಲಿಸಲು, ಅದು ತಪ್ಪಿದಾಗ ಹಿಡಿಯಲು ನಮ್ಮ ಹುಡುಗರೇ ಬೇಕು. ಮೂರು ಭಾಷೆ ಬಲ್ಲ ಗಡಿಯವನಿಗಿಂತ ಒಳ್ಳೆಯ ಪರೀಕ್ಷಕ ಈ ಕಂಪನಿಗಳಿಗೆ ಎಲ್ಲಿ ಸಿಕ್ಕಾನು?

ಕಟ್ಟೆಯ ಮೇಲೆ ಕುಂತು ಅಳಿಯನಿಗೆ ಇಷ್ಟನ್ನೂ ಹೇಳಿದೆ. ಮೊದಲು ಒಂದು ವಾರ ಕುಂತು ನಿನ್ನ ತಲೆಯಾಗಿಂದು ಬರದಿಡು. ಕರಡು ಕೆಲಸ ಯಂತ್ರಕ್ಕ ಕೊಡು. ರೋಗ, ಔಷಧ, ರೊಕ್ಕ, ಈ ಮೂರರಾಗ ಮನಷ್ಯಾ ನೋಡದ ಉತ್ತರ ಹೋಗಬಾರದು. ಮತ್ತ ನೇಮಿಸೂದಾದರ ಈ ಕಡೇ ಹುಡುಗೂರನ್ನ ನೇಮಿಸು.

"ಅವರಿಗೆ ಇಂಗ್ಲಿಷ್ ಬರಂಗಿಲ್ಲ ಮಾಮಾ" ಎಂದ.

"ನಿನ್ನ ಗಿರಾಕಿಗೆ ಬರ್ತೈತೇನು?" ಎಂದೆ.

ಅವನು ಸುಮ್ಮನಾದ. ಈ ಸಲ ಚಾಟ್ನಿ ವೇಳೆಗೆ ಅವನಿಂದ ಫೋನ್ ಬಂತು. ಕೃಷಿ ಓದಿ ಮನೆಯಲ್ಲಿ ಕುಂತಿದ್ದ ನಮ್ಮ ಕಡೆಯ ಒಬ್ಬ ಹುಡುಗಿಯನ್ನು ನೇಮಿಸಿದ್ದಾನೆ. ಅವಳು ರೈತರ ಮಾತುಗಳನ್ನು ಒಂದು ವಹಿಯಲ್ಲಿ ಬರೆದಿಡುತ್ತಾಳೆ, ಯಂತ್ರ ಬರೆದ ಉತ್ತರವನ್ನು ಓದಿ ತಿದ್ದಿ ಕಳಿಸುತ್ತಾಳೆ. ಆರುನೂರು ತೋಟಕ್ಕೆ ಒಬ್ಬಳು ಸಾಲದು, ಇನ್ನೂ ನಾಲ್ವರು ಬೇಕೆಂದು ಅವಳೇ ಅವನಿಗೆ ಹೇಳಿದ್ದಾಳಂತೆ. ನನಗೂ ಒಂದು ಸಲಹೆ ಬಂತು. ಅದರ ಕೊನೆಗೆ ಅವಳ ಹೆಸರಿತ್ತು, ಕೆಳಗೆ ನನ್ನ ಅಳಿಯನ ಫೋನ್ ನಂಬರೂ ಇತ್ತು.